ದುಡ್ಡಿಲ್ಲದ ಗುಂಪು, ಕೆಟ್ಟು ನಿಂತ ನೀರಿನ ಘಟಕ

ಪ್ರಶ್ನೆ: ಕುಷ್ಟಗಿ ತಾಲ್ಲೂಕಿನ ನಮ್ಮ ಊರಿನಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್ ಕಾರಣಕ್ಕೆ ಹಾಕಿದ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ಬಹಳ ಕಾಲವಾಯಿತು. ಅದನ್ನು ದುರಸ್ತಿ ಮಾಡಿಸಲು ಎಂಟು-ಹತ್ತು ಮಂದಿ ಗುಂಪು ಕಟ್ಟಿಕೊಂಡು ಕಚೇರಿಗಳಿಗೆ ಅಲೆಯುತ್ತಿದ್ದೇವೆ. ಬಸ್ಸು, ಜೆರಾಕ್ಸ್ ಖರ್ಚನ್ನೆಲ್ಲ ನಮ್ಮಲ್ಲಿನ ಅತಿಥಿ ಶಿಕ್ಷಕರೊಬ್ಬರೇ ಭರಿಸುತ್ತಿದ್ದರು. ಈಗ ಅವರೂ ಕೈಚೆಲ್ಲಿದ್ದಾರೆ. ಸಂಘ ನೋಂದಾಯಿಸಿದರೆ ಅನುದಾನ ಬರುತ್ತದೆಂದು ಕೆಲವರು ಹೇಳುತ್ತಾರೆ. ಗುತ್ತಿಗೆದಾರರೊಬ್ಬರು ಇಪ್ಪತ್ತೈದು ಸಾವಿರ ರೂಪಾಯಿ ಕೊಡಲು ಸಿದ್ಧರಿದ್ದಾರೆ. ಹಣವಿಲ್ಲದೆ ಇಂಥ ಗುಂಪನ್ನು ನಡೆಸಲು ಸಾಧ್ಯವೇ?
— ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಸಾಧ್ಯವಿದೆ. ಖರ್ಚೆಲ್ಲ ಒಬ್ಬರ ಜೇಬಿನಿಂದ ಹೋಗುವುದನ್ನು ಮಾತ್ರ ಇಂದೇ ನಿಲ್ಲಿಸಿ. ತಲೆಗೆ ತಿಂಗಳಿಗೆ ಇಪ್ಪತ್ತು ರೂಪಾಯಿ ಹಾಕಿ, ಪ್ರತಿ ಸಭೆಯಲ್ಲೂ ಲೆಕ್ಕ ಓದಿ. ಓಡಾಟಕ್ಕೆ ಪಾಳಿ ಹಚ್ಚಿ. ನೆರೆಯ ರಾಯಚೂರಿನಲ್ಲಿ ಏಮ್ಸ್‌ಗಾಗಿ 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ಸಾವಿರ ದಿನ ದಾಟಿತು. ಒಬ್ಬಿಬ್ಬರ ಹೆಗಲ ಮೇಲಷ್ಟೇ ಅದು ಅಷ್ಟು ದೂರ ಬರುತ್ತಿರಲಿಲ್ಲ.

ಉಳಿದ ಖರ್ಚನ್ನು ತಗ್ಗಿಸುವ ದಾರಿಗಳು ಕಾಯ್ದೆಗಳಲ್ಲೇ ಇವೆ. ಮಾಹಿತಿ ಹಕ್ಕು ಕಾಯ್ದೆ, 2005ರ ಅರ್ಜಿ ಶುಲ್ಕ ಹತ್ತು ರೂಪಾಯಿ. ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸುವವರಿಗೆ ಅದೂ ಇಲ್ಲವಾದ್ದರಿಂದ ಅಂಥ ಸದಸ್ಯರ ಹೆಸರಿನಲ್ಲೇ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿದ್ದು, ಸಾಮಾನ್ಯವಾಗಿ 150 ಪದ ಮೀರಬಾರದು. ಆದ್ದರಿಂದ ಚರಂಡಿ, ಬೀದಿದೀಪಗಳ ದೂರನ್ನು ಬದಿಗಿಟ್ಟು, ಘಟಕದ ನಿರ್ವಹಣೆ ಯಾರ ಹೊಣೆ, ಕರಾರಿನ ಅವಧಿ ಎಷ್ಟು, ಈವರೆಗೆ ಪಾವತಿಯಾದ ಮೊತ್ತವೆಷ್ಟು ಎಂಬುದನ್ನು ತೋರಿಸುವ ದಾಖಲೆಗಳ ಪ್ರತಿಯನ್ನಷ್ಟೇ ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ ಸಲ್ಲಿಸಿ. ಯಾವ ಮನವಿಯನ್ನೂ ಸ್ವೀಕೃತಿ ಮುದ್ರೆಯಿಲ್ಲದೆ ಕೊಟ್ಟು ಬರಬೇಡಿ.

ನೀರಿನ ಪರೀಕ್ಷೆಗೂ ಹಣ ಹೊಂದಿಸಬೇಕಿಲ್ಲ. ಜಲ ಜೀವನ್ ಮಿಷನ್ ಅಡಿ ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡಬೇಕೆಂದಿದೆ. ನಿಮ್ಮ ಊರಿನ ಕಿಟ್ ಎಲ್ಲಿದೆ ಎಂದು ಪಿಡಿಒ ಅವರನ್ನು ವಿಚಾರಿಸಿ. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಭಾರತೀಯ ಮಾನಕದ ಪ್ರಕಾರ ಕುಡಿಯಲು ಯೋಗ್ಯವಲ್ಲ. ನಿಮ್ಮ ನೀರಿನ ಪರೀಕ್ಷೆಯಲ್ಲಿ ಬಂದ ಅಂಕಿಯನ್ನು ಗ್ರಾಮಸಭೆಯಲ್ಲಿ ಓದಿ, ದುರಸ್ತಿಯ ಬೇಡಿಕೆಯನ್ನು ನಡವಳಿಯಲ್ಲಿ ಬರೆಸಿದರೆ ಅದು ಇಡೀ ಊರಿನ ಬೇಡಿಕೆಯಾಗಿ ದಾಖಲಾಗುತ್ತದೆ.

ನಿಮ್ಮ ಪತ್ರದಲ್ಲಿ ಮಹಿಳೆಯರ ಪ್ರಸ್ತಾಪವೇ ಇಲ್ಲ. ಕೊಡ ಹೊತ್ತು ದೂರದಿಂದ ನೀರು ತರುವವರು ಬಹುಪಾಲು ಅವರೇ. ಅವರ ಮಾತನ್ನು ಅಧಿಕಾರಿಗಳು ಸುಲಭಕ್ಕೆ ತಳ್ಳಿಹಾಕಲಾರರು. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಕೊಪ್ಪಳದ ಜಿಲ್ಲಾ ಪಂಚಾಯಿತಿಗೆ ಹೋಗಿಬರಲು ಅವರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಬೇಕಿಲ್ಲ. ಹಾಗೆಂದು ಪುಕ್ಕಟೆ ಪ್ರಯಾಣವಿದೆಯೆಂದು ಓಡಾಟವನ್ನೆಲ್ಲ ಅವರ ತಲೆಗೆ ಕಟ್ಟಿ ಗಂಡಸರು ಕಟ್ಟೆಯ ಮೇಲೆ ಕೂರುವುದು ಸಲ್ಲದು. ಹೋದ ದಿನದ ಕೂಲಿ ಅವರಿಗೂ ತಪ್ಪುತ್ತದೆ.

ಗುತ್ತಿಗೆದಾರರ ಹಣವನ್ನು ನಯವಾಗಿ ಬೇಡವೆನ್ನಿ. ನಾಳೆ ನೀವು ಕೇಳಿ ಪಡೆಯುವ ಕರಾರಿನ ಪ್ರತಿಯಲ್ಲಿ ಅವರದೋ ಅವರ ಬಂಧುಗಳದೋ ಹೆಸರಿದ್ದರೆ ಗುಂಪು ಬಾಯಿ ತೆರೆಯುವಂತಿರುವುದಿಲ್ಲ, ಇಲ್ಲದಿದ್ದರೂ ಊರು ಅನುಮಾನಿಸುತ್ತದೆ.

ನೋಂದಣಿಗೂ ಅವಸರ ಬೇಡ. ಮನವಿ ಕೊಡಲು, ಮಾಹಿತಿ ಕೇಳಲು, ಗ್ರಾಮಸಭೆಯಲ್ಲಿ ಮಾತನಾಡಲು ಅದರ ಅಗತ್ಯವಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಏಳು ಮಂದಿ ಸೇರಿ ನೋಂದಾಯಿಸಬಹುದಾದರೂ, ಆಮೇಲೆ ವರ್ಷ ವರ್ಷವೂ ವಾರ್ಷಿಕ ಸಭೆ ನಡೆಸಿ ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಸಲ್ಲಿಸಬೇಕು; ಅನುದಾನ ಮಾತ್ರ ತಾನಾಗಿ ಬರುವುದಿಲ್ಲ. ವಿಷಯ ನ್ಯಾಯಾಲಯದವರೆಗೆ ಹೋಗುವುದಾದರೆ, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರಿದ್ದು, 15100ಕ್ಕೆ ಕರೆ ಮಾಡಿ ವಿಚಾರಿಸಬಹುದು.