ಬೋಲ್ಟ್ ನೋಡಿ, ಆಮೇಲೆ ಅಂಕ ಹಾಕಿ

ಪ್ರಶ್ನೆ: ನಾನು ಕಾರ್ಖಾನೆಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್. ನಮ್ಮ ವಿಭಾಗದ ಅಪಾಯಗಳನ್ನು ಪಟ್ಟಿ ಮಾಡಿ ಅಂಕ ಕೊಡುವ ಕೆಲಸ ಈ ಸಲ ನನ್ನ ತಲೆಗೆ ಬಂದಿದೆ. ಅಪಘಾತದ ಸಂಭವಕ್ಕೆ 1ರಿಂದ 5, ತೀವ್ರತೆಗೆ 1ರಿಂದ 5, ಎರಡನ್ನೂ ಗುಣಿಸಬೇಕು. ‘ಎರಡು ವರ್ಷದಿಂದ ಏನೂ ಆಗಿಲ್ಲವಲ್ಲ, ಕನ್ವೇಯರ್‌ಗೆ (ಮಾಲು ಸಾಗಿಸುವ ಬೆಲ್ಟ್) ಸಂಭವ 1 ಹಾಕಿಬಿಡಿ’ ಅನ್ನುತ್ತಾರೆ ಮೇಲಿನವರು. ಹಾಕಲೇ ಸಾರ್?

ಉತ್ತರ: ಹಾಕಬೇಡಿ. 2005ರಲ್ಲಿ ಅಮೆರಿಕದ ಟೆಕ್ಸಾಸ್ ಸಿಟಿ ತೈಲ ಸಂಸ್ಕರಣಾಗಾರ ಸ್ಫೋಟಿಸಿ 15 ಮಂದಿ ಸತ್ತರು. ಅದರ ಹಿಂದಿನ ವರ್ಷ ಅಲ್ಲಿ ಗಾಯದ ಪ್ರಮಾಣ ತುಂಬ ಕಡಿಮೆಯೇ ಇತ್ತು. ಇಲ್ಲಿಯವರೆಗೆ ಏನೂ ಆಗಿಲ್ಲ ಅಂದರೆ ಅಪಾಯವಿಲ್ಲ ಅಂತಲ್ಲ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಸೇಫ್ಟಿ ಆಫೀಸರ್ ಆಗಿದ್ದಾಗ ಒಂದು ಕನ್ವೇಯರ್‌ನ ಟೇಲ್ ಪುಲ್ಲಿಗೆ (ಬೆಲ್ಟ್ ಸುತ್ತಿ ಬರುವ ಹಿಂದಿನ ತುದಿಯ ಉರುಳೆ) ‘ಗಾರ್ಡ್ ಇದೆ’, ಅಂದರೆ ಕೈ ಸಿಗದಂತೆ ಮುಚ್ಚುವ ಕವಚ ಇದೆ ಅಂತ ಟಿಕ್ ಹಾಕಿ ಬಂದಿದ್ದೆ. ಹಗಲು ಹೊತ್ತು, ಮ್ಯಾನೇಜರ್ ಜೊತೆಗಿದ್ದರು. ಒಮ್ಮೆ ರಾತ್ರಿ ಪಾಳಿಯಲ್ಲಿ ಸುಮ್ಮನೆ ಹೋಗಿ ನಿಂತೆ. ಗಾರ್ಡ್‌ಗೆ ನಾಲ್ಕು ಬೋಲ್ಟ್ ಇರಬೇಕು, ಇದ್ದದ್ದು ಒಂದು, ಅದೂ ಕೈಯಲ್ಲೇ ತಿರುಗುತ್ತಿತ್ತು. ಉಳಿದ ಮೂರು ಹೆಲ್ಪರ್ ಹುಡುಗನ ಜೇಬಿನಲ್ಲಿ! ಯಾಕಪ್ಪಾ ಅಂದರೆ, ಬೇರಿಂಗಿನ ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಸಣ್ಣ ಬಾಯಿ) ಗಾರ್ಡ್‌ನ ಒಳಗಡೆ ಇತ್ತು. ಪಾಳಿಗೊಂದು ಸಲ ಗ್ರೀಸ್ ಹೊಡೆಯಬೇಕು, ಲೈನ್ ನಿಲ್ಲಿಸಿದರೆ ಬೈಗುಳ. ಹಾಗಾಗಿ ಬೆಲ್ಟ್ ಓಡುತ್ತಿರುವಾಗಲೇ ಗಾರ್ಡ್ ಬಿಚ್ಚಿ ಕೈ ಹಾಕುತ್ತಿದ್ದ. ಬೆಲ್ಟ್ ಸೆಕೆಂಡಿಗೆ ಒಂದೂವರೆ ಮೀಟರ್ ಓಡುತ್ತಿತ್ತು. ತೋಳು ಸಿಕ್ಕಿಕೊಂಡದ್ದು ಗೊತ್ತಾಗುವಷ್ಟರಲ್ಲಿ ಭುಜದವರೆಗೆ ಒಳಗೆ ಹೋಗಿರುತ್ತದೆ.

ಈಗ ನೀವೇ ಲೆಕ್ಕ ಹಾಕಿ. ದಿನಕ್ಕೆ ಮೂರು ಪಾಳಿ, ವರ್ಷಕ್ಕೆ ಸಾವಿರ ಸಲ ಕೈ ಅಲ್ಲಿಗೆ ಹೋಗುತ್ತದೆ. ಇದಕ್ಕೆ ಸಂಭವ 1 ಹೇಗಾಗುತ್ತದೆ? ನಾನು 4 ಹಾಕಿದೆ, ತೀವ್ರತೆ 5. ಕೈಗವಸು ಕೊಟ್ಟಿದ್ದೇವೆ ಅಂತ ಯಾರೋ ತೀವ್ರತೆ ಇಳಿಸಲು ಬಂದರು. ತಿರುಗುವ ರೋಲರ್ ಹತ್ತಿರ ಕೈಗವಸು ಇನ್ನೂ ಕೆಟ್ಟದ್ದು, ಬೇಗ ಸಿಕ್ಕಿಕೊಳ್ಳುತ್ತದೆ.

ಪರಿಹಾರ ಅರ್ಧ ದಿನದ ಕೆಲಸವಾಗಿತ್ತು. ನಿಪ್ಪಲ್‌ಗೆ ಸಣ್ಣ ತಾಮ್ರದ ಪೈಪ್ ಜೋಡಿಸಿ ಗಾರ್ಡ್‌ನ ಹೊರಕ್ಕೆ ತಂದೆವು. ಗ್ರೀಸ್ ಹೊಡೆಯಲು ಬಿಚ್ಚುವ ಕೆಲಸವೇ ತಪ್ಪಿತು, ಬೋಲ್ಟುಗಳು ತಮ್ಮ ಜಾಗದಲ್ಲೇ ಉಳಿದವು. ಅದಕ್ಕೂ ಮೊದಲು ನಾನು ಅಲ್ಲಿ ಎರಡು ಎಚ್ಚರಿಕೆ ಬೋರ್ಡ್ ಹಾಕಿಸಿದ್ದೆ, ನೆನೆದರೆ ಈಗಲೂ ನಾಚಿಕೆ. ಮೊದಲು ಕೈ ಹಾಕುವ ಅಗತ್ಯವನ್ನೇ ತೆಗೆಯಲಾದೀತೇ ನೋಡಬೇಕು. ಆಗದಿದ್ದರೆ ತಡೆ, ಆಮೇಲೆ ನಿಯಮ, ಕೈಗವಸು–ಹೆಲ್ಮೆಟ್ ಎಲ್ಲಕ್ಕಿಂತ ಕೊನೆಗೆ.

ಸಿಕ್ಕಿಕೊಂಡ ಮಾಲು ತೆಗೆಯುವಾಗಂತೂ ಒಳಗೆ ಕೈ ಹೋಗಲೇಬೇಕು. ಅದಕ್ಕೆ ಮೇನ್ ಸ್ವಿಚ್ಚಿಗೆ ಬೀಗ, ಬೀಗದ ಕೈ ಕೆಲಸ ಮಾಡುವವನ ಜೇಬಿನಲ್ಲೇ. ಬೀಗ ಹಾಕಿದ ಮೇಲೆ ಸ್ಟಾರ್ಟ್ ಬಟನ್ ಒಮ್ಮೆ ಒತ್ತಿ ನೋಡಿಸಿ. ಬೇರೆ ಯಂತ್ರದ ಸ್ವಿಚ್ಚಿಗೆ ಬೀಗ ಬಿದ್ದಿದ್ದರೆ ಆಗಲೇ ತಿಳಿಯುತ್ತದೆ.

ಹಾಳೆ ತುಂಬುವಾಗ ನಿಮ್ಮ ರಾತ್ರಿ ಪಾಳಿಯ ಹೆಲ್ಪರ್‌ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೈಯುವುದಿಲ್ಲ ಅಂತ ಮೊದಲೇ ಮಾತು ಕೊಡಿ. ಇಲ್ಲದಿದ್ದರೆ ಜೇಬಿನ ಬೋಲ್ಟ್ ಹೊರಗೆ ತೆಗೆಯುವುದಿಲ್ಲ ಅವನು.