ಪ್ರಾಚೀನ ಇತಿಹಾಸ ಓದಿದರೆ ಕೆಲಸ ಸಿಗುತ್ತಾ? ಮಂಡ್ಯದ ವಿದ್ಯಾರ್ಥಿಗೆ ನನ್ನ ಉತ್ತರ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಂಡ್ಯದಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೀರಿ. ನಿಮ್ಮೂರ ಕೆರೆ ಏರಿಯ ಹತ್ತಿರ ಅಕ್ಷರ ಇರುವ ಒಂದು ವೀರಗಲ್ಲು ಇದೆ, ಊರಲ್ಲಿ ಯಾರಿಗೂ ಅದನ್ನು ಓದಲು ಬರುವುದಿಲ್ಲ. ನಿಮಗೆ ಪ್ರಾಚೀನ ಇತಿಹಾಸದಲ್ಲಿ ಎಂ.ಎ. ಮಾಡುವ ಆಸೆ. ಮನೆಯವರು ಬಿ.ಎಡ್. ಮಾಡು ಅನ್ನುತ್ತಿದ್ದಾರೆ. ಹೊರದೇಶದಲ್ಲಿ ಗ್ರೀಕ್, ಲ್ಯಾಟಿನ್ ಓದಿ ಪ್ರೊಫೆಸರ್ ಆಗುತ್ತಾರಲ್ಲ, ನಮ್ಮಂಥವರಿಗೂ ಆ ದಾರಿ ಇದೆಯಾ ಅಂತ ಕೇಳಿದ್ದೀರಿ.

ನಾನೂ ಪಾಂಡವಪುರದ ಕಡೆಯ ಹಳ್ಳಿಯಿಂದ ಬಂದು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಇದನ್ನೇ ಓದಿದೆ. ಈಗ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕಬ್ಬು ಬೆಳೆಯುವ ನಮ್ಮಪ್ಪ ಅವತ್ತು ಕೇಳಿದ್ದು ಒಂದೇ ಮಾತು: "ಇದ್ರಿಂದ ಹೊಟ್ಟೆಗೆ ಹಿಟ್ಟು ಹುಟ್ಟುತ್ತಾ ಮಗಾ?" ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಹುಟ್ಟುತ್ತದೆ, ಆದರೆ ಬರೀ ಎಂ.ಎ. ಸರ್ಟಿಫಿಕೇಟಿನಿಂದ ಅಲ್ಲ. ಹಳೆಯ ಲಿಪಿ, ಹಳೆಯ ಭಾಷೆ ಓದಲು ಕಲಿತವರಿಗೆ ಹುಟ್ಟುತ್ತದೆ. ಇದೊಂದು ಮಾತು ನನಗೆ ಇಪ್ಪತ್ತನೇ ವಯಸ್ಸಿನಲ್ಲಿ ಯಾರಾದರೂ ಹೇಳಿದ್ದರೆ ನಾಲ್ಕೈದು ವರ್ಷ ಉಳಿಯುತ್ತಿತ್ತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಸಂಬಳದ ವಿಷಯ ಮಾತಾಡೋಣ, ಮನೆಯವರಿಗೆ ಬೇಕಾಗಿರುವುದು ಅದೇ ಅಲ್ವಾ. ಈ ವಿಷಯ ಓದಿದವರಲ್ಲಿ ಜಾಸ್ತಿ ಜನ ನೋಡುವುದು ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಕಡೆ. ಯುಜಿಸಿಯ ಏಳನೇ ವೇತನ ಶ್ರೇಣಿಯಲ್ಲಿ ಅದರ ಮೂಲ ವೇತನ 57,700 ರೂಪಾಯಿಯಿಂದ ಶುರುವಾಗುತ್ತದೆ. ಒಳ್ಳೆಯ ಸಂಬಳವೇ. ಆದರೆ ಈ ಹುದ್ದೆಗಳಿಗೆ ಪ್ರತಿ ವರ್ಷ ಅರ್ಜಿ ಕರೆಯುವುದಿಲ್ಲ. 2021ರಲ್ಲಿ ನಮ್ಮ ರಾಜ್ಯದಲ್ಲಿ 1,242 ಹುದ್ದೆಗಳಿಗೆ ಕರೆದರು. ಅದು ಎಲ್ಲ ವಿಷಯಗಳೂ ಸೇರಿದ ಲೆಕ್ಕ, ಇತಿಹಾಸಕ್ಕೆ ಬಂದಿದ್ದು ಅದರಲ್ಲಿ ಒಂದು ಪಾಲು. ಅರ್ಜಿ ಹಾಕಲು ನೆಟ್ (ರಾಷ್ಟ್ರ ಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ರಾಜ್ಯ ಮಟ್ಟದ್ದು) ಪಾಸಾಗಿರಬೇಕು, ಇಲ್ಲವೇ ನಿಯಮದ ಪ್ರಕಾರ ಪಿಎಚ್.ಡಿ. ಇರಬೇಕು.

ನೆಟ್‌ನಲ್ಲಿ ಇತಿಹಾಸ ಬೇರೆ, ಪುರಾತತ್ತ್ವ ಬೇರೆ. ಸಂಸ್ಕೃತ, ಪಾಲಿ, ಪ್ರಾಕೃತ, ಕನ್ನಡಕ್ಕೂ ಬೇರೆ ಬೇರೆ ಪತ್ರಿಕೆಗಳಿವೆ. ನನ್ನನ್ನು ಕೇಳಿದರೆ ಮೊದಲು ಇತಿಹಾಸವನ್ನೇ ಬರೆಯಿರಿ. ಪುರಾತತ್ತ್ವ ಅಂತ ಪ್ರತ್ಯೇಕ ವಿಭಾಗ ಇರುವುದು ಕೆಲವೇ ವಿಶ್ವವಿದ್ಯಾಲಯಗಳಲ್ಲಿ. ಇತಿಹಾಸದ ಮೇಷ್ಟ್ರು ಎಲ್ಲ ಕಾಲೇಜಿಗೂ ಬೇಕು. ಇನ್ನೊಂದು, ಎಂ.ಎ. ಸೇರುವ ಮೊದಲು ಹಳೆಯ ನೇಮಕಾತಿ ಅಧಿಸೂಚನೆಗಳನ್ನು ಹುಡುಕಿ, ಇತಿಹಾಸದ ಹುದ್ದೆಗೆ ಯಾವ ಯಾವ ಎಂ.ಎ. ಒಪ್ಪುತ್ತಾರೆ ಅಂತ ಓದಿಕೊಳ್ಳಿ. ಪ್ರಾಚೀನ ಇತಿಹಾಸ ಮತ್ತು ಇತಿಹಾಸ ಎರಡೂ ಒಂದೇ ಅಂತ ನಾವು ಅಂದುಕೊಂಡರೆ ಸಾಲದು, ಅಧಿಸೂಚನೆಯಲ್ಲಿ ಹಾಗೆ ಬರೆದಿರಬೇಕು.

ನೆಟ್ ಜೊತೆ ಜೆ.ಆರ್.ಎಫ್., ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಸಿಕ್ಕರೆ ಬದುಕೇ ಬೇರೆ. 2023ರಲ್ಲಿ ಪರಿಷ್ಕರಿಸಿದ ದರದಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಪಿಎಚ್.ಡಿ. ಮಾಡುವಾಗ ಮನೆಯಿಂದ ಒಂದು ಪೈಸೆ ಕೇಳಬೇಕಾಗಿಲ್ಲ. ಆದರೆ ಅದಕ್ಕೆ 30 ವರ್ಷದ ಮಿತಿ ಇದೆ, ಮೀಸಲು ವರ್ಗಗಳಿಗೂ ಮಹಿಳೆಯರಿಗೂ ಐದು ವರ್ಷದ ರಿಯಾಯಿತಿ ಇದೆ. ಎಂ.ಎ. ಮೊದಲ ವರ್ಷದಿಂದಲೇ ತಯಾರಿ ಶುರು ಮಾಡಿ. ನಾನು ಮೂರನೇ ಸಲಕ್ಕೆ ನೆಟ್ ಪಾಸಾದೆ, ಜೆ.ಆರ್.ಎಫ್. ಮಾತ್ರ ಬರಲಿಲ್ಲ.

ಅದು ಬರದೇ ಹೋದದ್ದಕ್ಕೆ ಏಳು ವರ್ಷ ಅತಿಥಿ ಉಪನ್ಯಾಸಕ ಕೆಲಸ ಮಾಡಬೇಕಾಯಿತು. ಆ ಕಾಲೇಜಿನ ಹೆಸರು ಬೇಡ. ಪಾಠ ಎಲ್ಲರಂತೆಯೇ ಮಾಡುತ್ತಿದ್ದೆ, ಪೇಪರ್ ತಿದ್ದುತ್ತಿದ್ದೆ, ಪರೀಕ್ಷಾ ಡ್ಯೂಟಿಗೂ ಹೋಗುತ್ತಿದ್ದೆ. ಸಂಬಳ ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಒಮ್ಮೆ. ಬೇಸಿಗೆ ರಜೆ ಬಂದರೆ ಅದೂ ಇಲ್ಲ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಅಂತ ಜೂನ್‌ವರೆಗೂ ಕಾಯಬೇಕು. ತಂಗಿಯ ಮದುವೆಯ ವರ್ಷ ಅಪ್ಪನ ಕೈಗೆ ನಾನು ಕೊಟ್ಟಿದ್ದು ಎಂಟು ಸಾವಿರ ರೂಪಾಯಿ. ಆ ನೋವು ಈಗಲೂ ಹೋಗಿಲ್ಲ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಈ ದಾರಿಗೆ ಕರೆದರೆ ತಪ್ಪಾಗುತ್ತದೆ.

ಆ ವರ್ಷಗಳಲ್ಲಿ ನನ್ನ ಕೈ ಹಿಡಿದದ್ದು ಓಲೆಗರಿ. ಎಂ.ಎ. ಓದುವಾಗ ಪರಿಚಯದ ಹಿರಿಯ ಪಂಡಿತರೊಬ್ಬರ ಮನೆಗೆ ಭಾನುವಾರ ಹೋಗಿ ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥ ಲಿಪಿ, ಆಮೇಲೆ ನಾಗರಿಯ ದಕ್ಷಿಣದ ರೂಪವಾದ ನಂದಿನಾಗರಿ ಕಲಿತಿದ್ದೆ. ಆಗ ಸುಮ್ನೆ ಆಸಕ್ತಿಗೆ ಕಲಿತದ್ದು. ಮುಂದೆ ಒಂದು ಹಸ್ತಪ್ರತಿ ಯೋಜನೆಯಲ್ಲಿ ಈ ಲಿಪಿ ಬಲ್ಲವರು ಬೇಕು ಅಂದಾಗ ಅರ್ಜಿ ಹಾಕಿದವರೇ ಕಡಿಮೆ. ಇತಿಹಾಸದಲ್ಲಿ ಎಂ.ಎ. ಮಾಡಿದವರು ಬೇಕಾದಷ್ಟು ಜನ ಇದ್ದರು, ಗರಿ ಓದುವವರು ಮೂರು ಜನ. ಗರಿಯ ಧೂಳು ಒರೆಸುವುದು, ಸಿಟ್ರೊನೆಲ್ಲಾ ಎಣ್ಣೆ ಸವರುವುದು, ಅಕ್ಷರ ಮಾಸಿದ್ದರೆ ಕಪ್ಪು ತುಂಬಿ ಎದ್ದು ಕಾಣುವ ಹಾಗೆ ಮಾಡುವುದು, ಸ್ಕ್ಯಾನ್ ಮಾಡುವುದು, ಕೊನೆಗೆ ಸೂಚಿಯಲ್ಲಿ ಗ್ರಂಥದ ಹೆಸರು, ಮೊದಲ ಸಾಲು, ಕೊನೆಯ ಸಾಲು ಬರೆಯುವುದು. ಗರಿಯಲ್ಲಿ ಪದಗಳ ಮಧ್ಯೆ ಜಾಗ ಬಿಟ್ಟಿರುವುದಿಲ್ಲ. ಎಲ್ಲಿ ಒಡೆಯಬೇಕು ಅನ್ನುವುದು ಭಾಷೆ ಗೊತ್ತಿದ್ದರೆ ಮಾತ್ರ ತಿಳಿಯುತ್ತದೆ. ಆ ಕೆಲಸದ ದುಡ್ಡಿನಲ್ಲೇ ಪಿಎಚ್.ಡಿ. ಮುಗಿಸಿದೆ. ನೇಮಕಾತಿ ಪರೀಕ್ಷೆಯಲ್ಲೂ ಮೂಲ ಆಕರ ಓದಿದ ಅಭ್ಯಾಸವೇ ನೆರವಿಗೆ ಬಂತು.

ಮೈಸೂರಿನಲ್ಲಿ ಇದಕ್ಕೆ ದೊಡ್ಡ ಉದಾಹರಣೆಯೇ ಇದೆ. ಆರ್. ಶಾಮಶಾಸ್ತ್ರಿಗಳು ಇಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದರು. ಅದು 1891ರಲ್ಲಿ ಶುರುವಾದ ಸಂಸ್ಥೆ, ಈಗ ಪ್ರಾಚ್ಯವಿದ್ಯಾ ಸಂಶೋಧನಾಲಯ ಅನ್ನುತ್ತೇವೆ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗರಿಗಳ ಕಟ್ಟನ್ನು ಅವರು ಓದಿದರು. ಗ್ರಂಥ ಲಿಪಿಯಲ್ಲಿದ್ದ ಅದು ಕೌಟಿಲ್ಯನ ಅರ್ಥಶಾಸ್ತ್ರ. ಅಲ್ಲಿಯವರೆಗೆ ಆ ಗ್ರಂಥ ಬೇರೆಯವರ ಮಾತುಗಳಲ್ಲಿ ಮಾತ್ರ ಉಳಿದಿತ್ತು. 1909ರಲ್ಲಿ ಸಂಸ್ಕೃತ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಮೌರ್ಯರ ಕಾಲದ ಬಗ್ಗೆ ಪ್ರಪಂಚ ಯೋಚಿಸುವ ರೀತಿಯೇ ಬದಲಾಯಿತು. ಇದೆಲ್ಲ ನಡೆದದ್ದು ನೀವು ಮಂಡ್ಯದಿಂದ ರೈಲು ಹತ್ತಿದರೆ ಒಂದು ಗಂಟೆಯ ದೂರದಲ್ಲಿ.

ನಿಮ್ಮ ಅದೃಷ್ಟ ಇರುವುದು ಇಲ್ಲಿಯೇ. ಶಾಸನ ಓದುವುದನ್ನು ಕಲಿಯಲು ಮೈಸೂರಿಗಿಂತ ಒಳ್ಳೆಯ ಊರು ನನ್ನ ಕಣ್ಣಿಗೆ ಕಾಣುವುದಿಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಾಸನ ವಿಭಾಗ 1966ರಲ್ಲಿ ಊಟಿಯಿಂದ ಇಲ್ಲಿಗೆ ಬಂತು. ಅರಬ್ಬಿ, ಪಾರಸಿ ಶಾಸನಗಳ ಶಾಖೆ ನಾಗಪುರದಲ್ಲಿದೆ, ಸಂಸ್ಕೃತ ಮತ್ತು ದ್ರಾವಿಡ ಭಾಷೆಗಳ ಶಾಸನದ ಕೆಲಸಕ್ಕೆ ಮೈಸೂರೇ ಮನೆ. ರಾಜ್ಯದ ಪುರಾತತ್ತ್ವ ಇಲಾಖೆಯೂ ಇಲ್ಲಿಯೇ ಇದೆ. ಅದು 1885ರಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ಇಲಾಖೆ, ಬಿ.ಎಲ್. ರೈಸ್ ಅದರ ಮೊದಲ ಮುಖ್ಯಸ್ಥರು. ಹಲ್ಮಿಡಿ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದ ಎಂ.ಎಚ್. ಕೃಷ್ಣ ಆ ಇಲಾಖೆಯ ನಿರ್ದೇಶಕರಾಗಿದ್ದರು, ಮಹಾರಾಜ ಕಾಲೇಜಿನಲ್ಲಿ ಇತಿಹಾಸವನ್ನೂ ಕಲಿಸುತ್ತಿದ್ದರು. ಗಂಗೋತ್ರಿಯಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ ವಿಭಾಗ ಇದೆ, ಅಲ್ಲಿಯೇ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಇದೆ. ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕ ಮೇಲೆ ಆದ ಶಾಸ್ತ್ರೀಯ ಕನ್ನಡ ಅಧ್ಯಯನ ಕೇಂದ್ರವೂ ಮೈಸೂರಿನಲ್ಲಿದೆ. ಸಂಸ್ಕೃತಕ್ಕೆ ಮಹಾರಾಜ ಸಂಸ್ಕೃತ ಕಾಲೇಜು ಇದೆ, ನಿಮ್ಮ ಜಿಲ್ಲೆಯಲ್ಲೇ ಮೇಲುಕೋಟೆಯ ಸಂಸ್ಕೃತ ಸಂಶೋಧನಾ ಸಂಸತ್ ಇದೆ. ಇವುಗಳ ಬಾಗಿಲು ತಟ್ಟಲು ಎಂ.ಎ. ಮುಗಿಯುವವರೆಗೆ ಕಾಯಬೇಡಿ.

ಪುರಾತತ್ತ್ವ ಸರ್ವೇಕ್ಷಣೆಯಲ್ಲಿ ಶಾಸನತಜ್ಞರ ಹುದ್ದೆಗಳಿವೆ. ಕೆಳಗಿನ ಹಂತಕ್ಕೆ ಎಸ್.ಎಸ್.ಸಿ., ಮೇಲಿನ ಹಂತಕ್ಕೆ ಯು.ಪಿ.ಎಸ್.ಸಿ. ಮೂಲಕ ಕರೆಯುತ್ತಾರೆ. ಹುದ್ದೆ ಕಡಿಮೆ, ಆದರೆ ಭಾಷೆ ಬಲ್ಲ ಅಭ್ಯರ್ಥಿಗಳೂ ಕಡಿಮೆ. ಅಗೆತದ ಕಡೆ ಮನಸ್ಸಿದ್ದರೆ ಗ್ರೇಟರ್ ನೋಯ್ಡಾದಲ್ಲಿ ಅವರದೇ ಪುರಾತತ್ತ್ವ ಸಂಸ್ಥೆ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಕೊಡುತ್ತದೆ. ಪುಣೆಯ ಡೆಕ್ಕನ್ ಕಾಲೇಜು ಕೂಡ ಈ ವಿಷಯದಲ್ಲಿ ಹೆಸರು ಮಾಡಿದ ಜಾಗ. ಹಸ್ತಪ್ರತಿಗಳ ಕಡೆ ಈಗ ಕೆಲಸ ಹೆಚ್ಚುತ್ತಿದೆ. 2025ರ ಕೇಂದ್ರ ಬಜೆಟ್‌ನಲ್ಲಿ ಜ್ಞಾನ ಭಾರತಂ ಅನ್ನುವ ಯೋಜನೆ ಹೇಳಿದರು, ಒಂದು ಕೋಟಿಗೂ ಜಾಸ್ತಿ ಹಸ್ತಪ್ರತಿಗಳ ಸಮೀಕ್ಷೆ, ದಾಖಲೆ, ರಕ್ಷಣೆ ಅದರ ಗುರಿ. ಅಷ್ಟನ್ನೂ ಸ್ಕ್ಯಾನ್ ಮಾಡಲು ಯಂತ್ರ ಸಾಕು. ಒಳಗೆ ಏನಿದೆ ಅಂತ ಹೇಳಲು ಓದುವ ಮನುಷ್ಯರೇ ಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಕಂಪ್ಯೂಟರ್ ಕೆಲಸವೂ ಲಿಪಿಯೂ ಒಟ್ಟಿಗೆ ಬಲ್ಲ ಹುಡುಗ ಹುಡುಗಿಯರಿಗೆ ಇದು ಹೊಸ ದಾರಿ.

ಇನ್ನು ಗ್ರೀಕ್, ಲ್ಯಾಟಿನ್. ಪಶ್ಚಿಮದಲ್ಲಿ ಕ್ಲಾಸಿಕ್ಸ್ ಅಂದರೆ ಈ ಎರಡು ಭಾಷೆಗಳು, ಅವುಗಳ ಸಾಹಿತ್ಯ, ಇತಿಹಾಸ. ಅಲ್ಲಿನ ಮಕ್ಕಳು ಕೆಲವರು ಶಾಲೆಯಿಂದಲೇ ಲ್ಯಾಟಿನ್ ಕಲಿತು ಬರುತ್ತಾರೆ. ಆಕ್ಸ್‌ಫರ್ಡ್‌ನಲ್ಲಿ ಈ ವಿಷಯದ ಪದವಿಯೇ ನಾಲ್ಕು ವರ್ಷ. ಸೊನ್ನೆಯಿಂದ ಶುರು ಮಾಡಿ ಅವರ ಜೊತೆ ಅದೇ ಅಂಗಳದಲ್ಲಿ ಓಡುವುದು ತುಂಬಾ ಕಷ್ಟ. ಅಲ್ಲೂ ಪಿಎಚ್.ಡಿ. ಮುಗಿಸಿದವರಿಗಿಂತ ಕಾಯಂ ಹುದ್ದೆಗಳು ಕಡಿಮೆ, ವರ್ಷ ಎರಡು ವರ್ಷದ ಗುತ್ತಿಗೆಯಲ್ಲಿ ಊರೂರು ಅಲೆಯುವವರು ಜಾಸ್ತಿ. ಆದರೆ ಹಳಗನ್ನಡ, ಸಂಸ್ಕೃತ, ಪ್ರಾಕೃತದ ಬಲ ಇಟ್ಟುಕೊಂಡು ದಕ್ಷಿಣ ಏಷ್ಯಾ ಅಧ್ಯಯನ ಅಥವಾ ಇಂಡಾಲಜಿ (ಭಾರತದ ಹಳೆಯ ಭಾಷೆ, ಸಂಸ್ಕೃತಿಯ ಅಧ್ಯಯನ) ವಿಭಾಗಗಳಿಗೆ ಅರ್ಜಿ ಹಾಕಿದರೆ ನಿಮ್ಮ ಕೈಯಲ್ಲಿ ಇರುವುದು ಅವರಿಗೆ ಬೇಕಾದ ವಸ್ತು. ಹಳಗನ್ನಡ ಶಾಸನವನ್ನು ನೇರವಾಗಿ ಓದುವ ವಿದ್ಯಾರ್ಥಿ ಅಲ್ಲಿ ಸುಲಭವಾಗಿ ಸಿಗುವುದಿಲ್ಲ.

ಗ್ರೀಕ್ ಮೇಲೆ ನಿಜವಾದ ಪ್ರೀತಿ ಇದ್ದರೆ ಬಿಡಬೇಡಿ, ಅದನ್ನು ಎರಡನೇ ಭಾಷೆಯಾಗಿ ಕಲಿಯಿರಿ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನ ಇದೆ. ಭಾರತದ ಕರಾವಳಿಯಲ್ಲಿ ನಡೆಯುವ ಕಥೆ, ಪಾತ್ರಗಳು ನಡುನಡುವೆ ಯಾವುದೋ ಪರಭಾಷೆ ಮಾತಾಡುತ್ತವೆ. ಆ ಮಾತು ಕನ್ನಡ ಇರಬಹುದು ಅಂತ 1904ರಲ್ಲಿ ಹುಲ್ಚ್ ಅನ್ನುವ ಜರ್ಮನ್ ಶಾಸನತಜ್ಞರು ಬರೆದರು. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಮುಂದುವರಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಗ್ರೀಕ್ ಪಪೈರಸ್ಸನ್ನೂ ಹಳಗನ್ನಡವನ್ನೂ ಎರಡೂ ಬಲ್ಲ ಒಬ್ಬರು ಕೂತು ಓದಿದರೆ ಎಷ್ಟು ಚೆನ್ನ ಅಂತ ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ.

ಮನೆಯವರ ಬಿ.ಎಡ್. ಮಾತನ್ನು ತಳ್ಳಿಹಾಕಬೇಡಿ. ನಾನು ಮಾಡಲಿಲ್ಲ, ಅದಕ್ಕೆ ಈಗಲೂ ಬೇಸರ ಇದೆ. ಎಂ.ಎ. ಜೊತೆ ಬಿ.ಎಡ್. ಇದ್ದರೆ ಪಿಯು ಉಪನ್ಯಾಸಕ ಹುದ್ದೆಗೂ ಅರ್ಜಿ ಹಾಕಬಹುದು. ಅದರ ಮಧ್ಯೆಯೂ ಸಂಶೋಧನೆ ನಡೆಸಬಹುದು. ಮೇಷ್ಟ್ರಾಗಿದ್ದುಕೊಂಡೇ ತಾಲ್ಲೂಕಿನ ಶಾಸನಗಳನ್ನೆಲ್ಲ ಹುಡುಕಿ ಬರೆದವರು ನಮ್ಮ ನಾಡಿನಲ್ಲಿ ಬಹಳ ಮಂದಿ ಇದ್ದಾರೆ, ಅವರ ಕೆಲಸವನ್ನು ನಾವು ಈಗಲೂ ನೆಚ್ಚಿಕೊಂಡಿದ್ದೇವೆ.

ಈಗ ನಿಮ್ಮೂರ ಕಲ್ಲಿಗೆ ಬರೋಣ. ಅದನ್ನು ಸಣ್ಣದು ಅಂದುಕೊಳ್ಳಬೇಡಿ. ನಿಮ್ಮದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕಲ್ಲು ಕಾಳಿ ಅನ್ನುವ ಬೇಟೆನಾಯಿಯದು. ಕ್ರಿ.ಶ. 949-50ರ ಕಾಲದ್ದು. ಗಂಗರ ಅರಸ ಬೂತುಗ ಆ ನಾಯಿಯನ್ನು ತನ್ನ ವೀರ ಮಣಲೇರನಿಗೆ ಕೊಟ್ಟ. ಅದು ಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಅದೇ ಕಲ್ಲಿನಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ ವಿಷಯವೂ ಇದೆ. ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ರಾಷ್ಟ್ರಕೂಟರ ಮತ್ತು ಚೋಳರ ಇತಿಹಾಸಕ್ಕೆ ಆಧಾರವಾಯಿತು. ಅದೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂದು ಸಲ ಹೋಗಿ ಅದರ ಮುಂದೆ ನಿಂತು ಬನ್ನಿ.

ನಿಮ್ಮ ಕಲ್ಲಿನ ಫೋಟೋವನ್ನು ಬೆಳಗ್ಗೆ ಏಳರ ಹೊತ್ತಿಗೆ ಅಥವಾ ಸಂಜೆ ತೆಗೆಯಿರಿ. ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರದ ಗೆರೆಗಳಲ್ಲಿ ನೆರಳು ಕೂರುತ್ತದೆ, ಆಗ ಓದಲು ಬರುತ್ತದೆ. ನೀರು, ಮೆತ್ತನೆ ಬ್ರಷ್ ಬಿಟ್ಟು ಬೇರೇನೂ ಮುಟ್ಟಿಸಬೇಡಿ. ಸೀಮೆಸುಣ್ಣ ಬೇಡ, ತಂತಿ ಬ್ರಷ್ ಬೇಡವೇ ಬೇಡ. ಪಡಿಯಚ್ಚು (ಒದ್ದೆ ಕಾಗದ ಒತ್ತಿ ತೆಗೆಯುವ ಅಕ್ಷರದ ಅಚ್ಚು) ತೆಗೆಯುವುದನ್ನು ಬಲ್ಲವರಿಂದ ಕಲಿತ ಮೇಲೆ ಮಾಡಿ. ಆಮೇಲೆ ಗಂಗೋತ್ರಿಯ ಗ್ರಂಥಾಲಯಕ್ಕೆ ಬಂದು ನಮ್ಮ ನಾಡಿನ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆವೃತ್ತಿಯ 6 ಮತ್ತು 7ನೇ ಸಂಪುಟ ಕೇಳಿ. ಮಂಡ್ಯ ಜಿಲ್ಲೆಯ ತಾಲ್ಲೂಕುಗಳು ಅವುಗಳಲ್ಲಿವೆ, ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ. ನಿಮ್ಮೂರ ಹೆಸರು ಹುಡುಕಿ. ಇದ್ದರೆ ಅಚ್ಚಾದ ಪಾಠವನ್ನು ಫೋಟೋದ ಪಕ್ಕ ಇಟ್ಟುಕೊಂಡು ಒಂದೊಂದೇ ಅಕ್ಷರ ಹೊಂದಿಸಿ. ಮ ಮತ್ತು ವ ಗುರುತಿಸಲು ಮೊದಲು ತೊಡಕಾಗುತ್ತದೆ. ಈಗ ಬಳಕೆ ತಪ್ಪಿದ ಱ, ೞ ಎದುರಾಗುತ್ತವೆ. ಒಂದು ತಿಂಗಳಲ್ಲಿ ಕಣ್ಣು ಪಳಗುತ್ತದೆ.

ಸಂಪುಟದಲ್ಲಿ ನಿಮ್ಮ ಕಲ್ಲು ಇಲ್ಲದಿದ್ದರೆ ಫೋಟೋ ಹಾಕಿ ಇಲ್ಲಿಯೇ ಒಂದು ಸಾಲು ಬರೆಯಿರಿ. ಭಾನುವಾರ ನಾನೇ ನಿಮ್ಮೂರಿಗೆ ಬರುತ್ತೇನೆ, ಒಟ್ಟಿಗೆ ಓದೋಣ.