ಕಂಟೇನರ್ ಹೊರಡುವ ಮೊದಲು ಕಲಿಯಬೇಕಾದದ್ದು

ಪ್ರಶ್ನೆ: ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ತಂದೆಯ ಕಾಲದಿಂದ ಮೆಣಸಿನಕಾಯಿ ಬೆಳೆದು ಮಾರುಕಟ್ಟೆಗೆ ಹಾಕುತ್ತಿದ್ದೇವೆ. ನಾನು ಬಿಕಾಂ ಮುಗಿಸಿ, ರಫ್ತು ಮಾಡಬೇಕೆಂದು ಐಇಸಿ (ರಫ್ತು-ಆಮದು ಮಾಡುವವರ ಕೋಡ್) ನಂಬರ್ ತೆಗೆದುಕೊಂಡಿದ್ದೇನೆ. ಮಲೇಷ್ಯಾದ ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಪರಿಚಯವಾಗಿ ಒಂದು ಕಂಟೇನರ್ ಕೇಳುತ್ತಿದ್ದಾರೆ. ಸರಕು ತಲುಪಿದ ಮೇಲೆ ಹಣ ಹಾಕುತ್ತಾರಂತೆ. ಈ ವ್ಯವಹಾರದ ಬುನಾದಿಯನ್ನು ಎಲ್ಲಿಂದ ಕಲಿಯಲಿ?

ಉತ್ತರ: ಮೊದಲು ಒಂದು ಮಾತು. ಆ ಕಂಟೇನರ್ ಈಗ ಕಳಿಸಬೇಡಿ. ಆ ವ್ಯಕ್ತಿ ಮೋಸಗಾರ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯವರೇ ಇರಬಹುದು. ಆದರೆ ಹಣ ಬರುವ ದಾರಿ ನಿಮಗೆ ಇನ್ನೂ ಗೊತ್ತಿಲ್ಲ. ಹೊಸಬರೆಲ್ಲ ಸರಕು, ಖರೀದಿದಾರ, ಬೆಲೆ, ಕಾಗದಪತ್ರ ಎಂದು ಕಲಿಯುತ್ತಾ ಹೋಗಿ ಹಣದ ವಿಷಯಕ್ಕೆ ಕೊನೆಯಲ್ಲಿ ಬರುತ್ತಾರೆ. ನನ್ನ ಹತ್ತಿರ ಕೇಳಿಕೊಂಡು ಬಂದವರಿಗೆಲ್ಲ ನಾನು ಹಣದಿಂದಲೇ ಶುರು ಮಾಡಿಸುತ್ತೇನೆ.

ಹಡಗು ಕಂಪನಿ ನಿಮ್ಮ ಸರಕು ತೆಗೆದುಕೊಂಡಾಗ ಬಿಲ್ ಆಫ್ ಲೇಡಿಂಗ್ ಎಂಬ ಕಾಗದ ಕೊಡುತ್ತದೆ. ಅದು ಬರೀ ರಸೀದಿ ಅಲ್ಲ. ಅದರ ಮೂಲ ಪ್ರತಿ ತೋರಿಸಿದವರಿಗೆ ಅಲ್ಲಿನ ಬಂದರಿನಲ್ಲಿ ಸರಕು ಸಿಗುತ್ತದೆ. ಅಂದರೆ ಮೆಣಸಿನಕಾಯಿ ಸಮುದ್ರದ ಮೇಲಿದ್ದರೂ ಅದರ ಕೀಲಿ ನಿಮ್ಮ ಕೈಯಲ್ಲೇ ಇರುತ್ತದೆ. ಆ ಕೀಲಿಯನ್ನು ಯಾವಾಗ, ಏನು ಪಡೆದು ಬಿಟ್ಟುಕೊಡುತ್ತೀರಿ? ರಫ್ತಿನ ಹಣದ ಪಾಠವೆಲ್ಲ ಇಷ್ಟರಲ್ಲೇ ಇದೆ.

ಸರಕು ಮುಟ್ಟಿದ ಮೇಲೆ ಹಣ ಎಂದರೆ ಕೀಲಿಯನ್ನು ಸುಮ್ನೆ ಕೊಟ್ಟಂತೆ. ಡಿಪಿ ಎಂಬ ಪದ್ಧತಿಯಲ್ಲಿ ಕಾಗದಗಳು ನಿಮ್ಮ ಬ್ಯಾಂಕಿನಿಂದ ಅವರ ಬ್ಯಾಂಕಿಗೆ ಹೋಗುತ್ತವೆ. ಅವರು ಹಣ ಕಟ್ಟಿದ ಮೇಲೆಯೇ ಕಾಗದ ಸಿಗುತ್ತದೆ. ಡಿಎ ಪದ್ಧತಿಯಲ್ಲಿ ಇಂಥ ದಿನ ಕೊಡುತ್ತೇನೆ ಎಂದು ಸಹಿ ಹಾಕಿದರೆ ಸಾಕು, ಕಾಗದ ಕೊಟ್ಟುಬಿಡುತ್ತಾರೆ. ಹೊಸ ಖರೀದಿದಾರರ ಜೊತೆ ಡಿಎ ಬೇಡವೇ ಬೇಡ. ಡಿಪಿಯಲ್ಲೂ ಒಂದು ತೊಡಕಿದೆ. ಅಷ್ಟರಲ್ಲಿ ಬೆಲೆ ಬಿದ್ದರೆ ಅವರು ಕಾಗದ ಬಿಡಿಸಿಕೊಳ್ಳದೆ ಕೂರಬಹುದು. ಸರಕು ಅಲ್ಲಿನ ಬಂದರಿನಲ್ಲಿ ಕೊಳೆಯುತ್ತಾ ಬಾಡಿಗೆ ಏರುತ್ತದೆ. ಅದಕ್ಕೇ ಮುಂಗಡ ಕೇಳುವುದು. ಕನಿಷ್ಠ, ಸರಕನ್ನು ವಾಪಸ್ ತರಿಸುವ ಖರ್ಚಾದರೂ ಆ ಮುಂಗಡದಲ್ಲಿ ಬರಬೇಕು.

ಇನ್ನೊಂದು ಮಾತು ನೆನಪಿಡಿ. ಹಡಗು ಹೊರಟ ಮೇಲೆ "ಟೆಲೆಕ್ಸ್ ರಿಲೀಸ್ ಮಾಡಿಬಿಡಿ" ಎಂದು ಅವಸರದ ಮೆಸೇಜ್ ಬರುತ್ತದೆ. ಮೂಲ ಪ್ರತಿ ಇಲ್ಲದೆಯೇ ಸರಕು ಬಿಡಿ ಎಂದು ನೀವೇ ಹಡಗು ಕಂಪನಿಗೆ ಹೇಳುವುದು ಅದು. ಪೂರ್ತಿ ಹಣ ನಿಮ್ಮ ಖಾತೆಗೆ ಬರುವವರೆಗೆ ಅದಕ್ಕೆ ಒಪ್ಪಬೇಡಿ.

ಎಲ್‌ಸಿ, ಅಂದರೆ ಲೆಟರ್ ಆಫ್ ಕ್ರೆಡಿಟ್, ಇದ್ದರೆ ಭಯವಿಲ್ಲ ಎನ್ನುವವರು ಜಾಸ್ತಿ. ಅರ್ಧ ಮಾತ್ರ ನಿಜ. ಎಲ್‌ಸಿಯಲ್ಲಿ ಖರೀದಿದಾರರ ಬ್ಯಾಂಕೇ ಹಣ ಕೊಡುವ ಮಾತು ಕೊಡುತ್ತದೆ. ಆದರೆ ಅದು ನೋಡುವುದು ಕಾಗದವನ್ನು, ಮೆಣಸಿನಕಾಯಿಯನ್ನಲ್ಲ. ಲೋಕದ ಬ್ಯಾಂಕುಗಳು ಸಾಮಾನ್ಯವಾಗಿ ಬಳಸುವ ಯುಸಿಪಿ 600 ನಿಯಮದ ಪ್ರಕಾರ ಕಾಗದ ಪರಿಶೀಲಿಸಲು ಬ್ಯಾಂಕಿಗೆ ಹೆಚ್ಚೆಂದರೆ 5 ಬ್ಯಾಂಕ್ ದಿನ ಸಮಯ. ಇನ್‌ವಾಯ್ಸ್‌ನಲ್ಲಿ ಸರಕಿನ ವಿವರ ಎಲ್‌ಸಿಯಲ್ಲಿದ್ದ ಹಾಗೆಯೇ ಇರಬೇಕು. ನನ್ನ ಮೊದಲ ವರ್ಷಗಳಲ್ಲಿ ಒಮ್ಮೆ ಸರಕಿನ ವಿವರದಲ್ಲಿ ದರ್ಜೆಯ ಹೆಸರೊಂದನ್ನು ಬಿಟ್ಟಿದ್ದೆ. ಸರಕು ಸರಿಯಾಗೇ ಇತ್ತು. ಬ್ಯಾಂಕ್ ಅದನ್ನು ತಪ್ಪೆಂದು ಗುರುತಿಸಿತು. ಆ ವಾರ ಮಾರುಕಟ್ಟೆ ಇಳಿದಿತ್ತು. ಖರೀದಿದಾರರು ಆ ಒಂದು ಪದ ಹಿಡಿದು ಬೆಲೆ ಇಳಿಸಿಕೊಂಡರು. ಅಂದಿನಿಂದ ಎಲ್‌ಸಿ ಕೈಗೆ ಬಂದ ದಿನವೇ ಪ್ರತಿ ಸಾಲನ್ನೂ ಕೂತು ಓದುತ್ತೇನೆ. ಪಾಲಿಸಲಾಗದ ಷರತ್ತು ಕಂಡರೆ ಸರಕು ಕಟ್ಟುವ ಮೊದಲೇ ತಿದ್ದಿಸುತ್ತೇನೆ.

ನಿಮ್ಮ ಖರೀದಿದಾರರ ಸಾಲದ ಚರಿತ್ರೆ ತಿಳಿಯಲು, ಹಣ ಬರದಿದ್ದರೆ ನಷ್ಟ ತುಂಬಿಸಿಕೊಳ್ಳಲು ಇಸಿಜಿಸಿ ಇದೆ. 1957ರಲ್ಲಿ ಕೇಂದ್ರ ಸರ್ಕಾರವೇ ಶುರು ಮಾಡಿದ ವಿಮೆ ಸಂಸ್ಥೆ. ಅದರ ಬೆಂಗಳೂರು ಕಚೇರಿಗೆ ಒಮ್ಮೆ ಹೋಗಿ ಬನ್ನಿ.

ಈಗ ಸರಕು. ಇದರಲ್ಲಿ ನಿಮಗೆ ನನಗಿಂತ ಜಾಸ್ತಿ ಗೊತ್ತು. ಡಬ್ಬಿ, ಕಡ್ಡಿ ತಳಿಗಳ ಬಣ್ಣಕ್ಕೆ, ಕಡಿಮೆ ಖಾರಕ್ಕೆ ಬೆಲೆ ಬರುವುದು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ (ಭೌಗೋಳಿಕ) ಗುರುತೂ ಸಿಕ್ಕಿತು. ಆದರೆ ಮಾರುಕಟ್ಟೆಯಲ್ಲಿ ಕೈಗೆತ್ತಿಕೊಂಡು, ಮುರಿದು, ಮೂಸಿ ಬೆಲೆ ಕಟ್ಟುವ ಹಾಗೆ ಹೊರದೇಶದವರು ಕಟ್ಟುವುದಿಲ್ಲ. ಅವರು ಬಣ್ಣವನ್ನು ಆಸ್ಟಾ ಅಂಕದಲ್ಲಿ, ಖಾರವನ್ನು ಸ್ಕೋವಿಲ್ ಅಂಕದಲ್ಲಿ ಕೇಳುತ್ತಾರೆ. ತೇವಾಂಶ ಶೇಕಡಾ ಎಷ್ಟು ಎನ್ನುತ್ತಾರೆ. ನಿಮ್ಮ ಕಾಯಿಯನ್ನು ಒಮ್ಮೆ ಲ್ಯಾಬಿಗೆ ಕೊಟ್ಟು ಆ ಅಂಕಗಳನ್ನು ಬರೆಸಿಕೊಳ್ಳಿ. ಅದೇ ನಿಮ್ಮ ಗುರುತಿನ ಚೀಟಿ.

2003ರಲ್ಲಿ ಭಾರತದಿಂದ ಹೋದ ಮೆಣಸಿನ ಉತ್ಪನ್ನದಲ್ಲಿ ಸೂಡಾನ್ 1 ಎಂಬ, ಆಹಾರಕ್ಕೆ ಹಾಕಬಾರದ ಬಣ್ಣ ಫ್ರಾನ್ಸಿನಲ್ಲಿ ಸಿಕ್ಕಿತು. 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ಬಗೆಯ ತಿನಿಸುಗಳನ್ನು ಇದೇ ಬಣ್ಣದ ಕಾರಣಕ್ಕೆ ವಾಪಸ್ ತೆಗೆದರು. ಬಣ್ಣಕ್ಕೇ ಹೆಸರಾದ ಊರಿನವರಿಗೆ ಇದು ನೋವಿನ ಸಂಗತಿ, ಅಲ್ವಾ? ಆಮೇಲೆ ಕೇಂದ್ರ ಸರ್ಕಾರದ ಸ್ಪೈಸಸ್ ಬೋರ್ಡ್ (ಮಸಾಲೆ ಮಂಡಳಿ) ರಫ್ತಿನ ಮೆಣಸಿನಕಾಯಿಗೆ ಸೂಡಾನ್ ಮತ್ತು ಅಫ್ಲಟಾಕ್ಸಿನ್ ಪರೀಕ್ಷೆ ಕಡ್ಡಾಯ ಮಾಡಿತು.

ಅಫ್ಲಟಾಕ್ಸಿನ್ ಎಂದರೆ ಬೂಷ್ಟಿನಿಂದ ಹುಟ್ಟುವ ವಿಷ. ಯುರೋಪಿನಲ್ಲಿ ಬಿ1 ಎಂಬ ಬಗೆಗೆ ಮಿತಿ ಕೆಜಿಗೆ 5 ಮೈಕ್ರೋಗ್ರಾಂ ಮಾತ್ರ. ನೆಲದ ಮೇಲೆ ಒಣಗಿಸಿದಾಗ, ಇಬ್ಬನಿ ಬಿದ್ದಾಗ, ಕಾಯಿ ಮುರಿಯದಿರಲೆಂದು ನೀರು ಚಿಮುಕಿಸಿ ಚೀಲ ತುಂಬಿದಾಗ ಬೂಷ್ಟು ಹಿಡಿಯುತ್ತದೆ. ಕಂಟೇನರ್ ಒಳಗೆ ಸೆಕೆಯಲ್ಲಿ ಅದು ಹಬ್ಬುತ್ತದೆ. ಹಾಗಾಗಿ ರಫ್ತಿನ ಗುಣಮಟ್ಟ ಬಂದರಿನಲ್ಲಿ ಅಲ್ಲ, ನಿಮ್ಮ ಕಣದಲ್ಲೇ ತೀರ್ಮಾನವಾಗುತ್ತದೆ. ಟಾರ್ಪಾಲಿನ ಮೇಲೆ ಒಣಗಿಸಿ. ಬೆಳೆಗಾರರ ಮಗನಾದ ನಿಮಗೆ ಇರುವ ಅನುಕೂಲ ಇದೇ. ವ್ಯಾಪಾರಿಗಿಂತ ಒಂದು ಹೆಜ್ಜೆ ಹಿಂದೆ, ಹೊಲದಲ್ಲಿ, ನಿಮ್ಮ ಕೈ ಇದೆ.

ಬೆಲೆ ಹೇಳುವಾಗ ಎಫ್‌ಒಬಿ, ಸಿಐಎಫ್ ಎಂಬ ಪದ ಬರುತ್ತವೆ. ಇಂಥ 11 ಪದಗಳು ಇನ್‌ಕೋಟರ್ಮ್ಸ್ 2020 ಎಂಬ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿವೆ. ಎಫ್‌ಒಬಿಯಲ್ಲಿ ಹಡಗಿಗೆ ಏರಿಸುವವರೆಗಿನ ಖರ್ಚು ನಿಮ್ಮದು. ಸಿಐಎಫ್‌ನಲ್ಲಿ ಹಡಗಿನ ಬಾಡಿಗೆ, ವಿಮೆಯೂ ನಿಮ್ಮದು. ಆದರೆ ಎರಡರಲ್ಲೂ ಸರಕು ಹಡಗು ಏರಿದಲ್ಲಿಗೆ ಅಪಾಯದ ಹೊಣೆ ಖರೀದಿದಾರರಿಗೆ ದಾಟುತ್ತದೆ. ಇದನ್ನು ಎಷ್ಟೋ ವರ್ಷ ಕೆಲಸ ಮಾಡಿದವರೂ ತಪ್ಪು ತಿಳಿದಿರುತ್ತಾರೆ. ಮೆಣಸಿನಕಾಯಿ ಹಗುರ, ಆದರೆ ಜಾಗ ತಿನ್ನುತ್ತದೆ. ತೂಕದ ಮಿತಿ ಮುಟ್ಟುವ ಮೊದಲೇ ಕಂಟೇನರ್ ತುಂಬುತ್ತದೆ. ಬಾಡಿಗೆ ಕಂಟೇನರ್ ಲೆಕ್ಕದಲ್ಲಿ. ಆದ್ದರಿಂದ ಕೆಜಿಗೆ ಬೀಳುವ ಬಾಡಿಗೆಯನ್ನು ಅಂದಾಜಿನಲ್ಲಿ ಹೇಳದೆ, ನಿಮ್ಮ ಚೀಲದ ಅಳತೆ ಹಿಡಿದು ಲೆಕ್ಕ ಹಾಕಿ.

ಉಳಿದ ಕಾಗದ ಕೆಲಸ ಅಷ್ಟು ಕಷ್ಟವಿಲ್ಲ. ಸ್ಪೈಸಸ್ ಬೋರ್ಡಿನಲ್ಲಿ ರಫ್ತುದಾರರ ನೋಂದಣಿ ಬೇಕು. ಬ್ಯಾಂಕಿನ ಎಡಿ ಕೋಡ್ ಅನ್ನು (ವಿದೇಶಿ ಹಣದ ವ್ಯವಹಾರಕ್ಕೆ ಅನುಮತಿ ಇರುವ ಬ್ಯಾಂಕಿನ ಸಂಖ್ಯೆ) ಕಸ್ಟಮ್ಸ್‌ನಲ್ಲಿ ನೋಂದಾಯಿಸಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಕೊಟ್ಟರೆ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು. ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತಿನ ವಿವರಪತ್ರ) ಹಾಕಲು ಒಳ್ಳೆಯ ಕಸ್ಟಮ್ಸ್ ಏಜೆಂಟ್ ಹಿಡಿಯಿರಿ. ಆದರೆ ಅವರು ತುಂಬಿದ್ದನ್ನು ನೀವೂ ಓದಿ. ಸಹಿ ನಿಮ್ಮದು.

ಮಲೇಷ್ಯಾದವರಿಗೆ ಹೀಗೆ ಬರೆಯಿರಿ: ಮೊದಲು ಸ್ಯಾಂಪಲ್ ಮತ್ತು ಲ್ಯಾಬ್ ವರದಿ ಕಳಿಸುತ್ತೇನೆ, ಆಮೇಲೆ ಮುಂಗಡ, ಉಳಿದದ್ದು ಬ್ಯಾಂಕಿನ ಮೂಲಕ. ನಿಜವಾದ ವ್ಯಾಪಾರಿಗೆ ಈ ಮಾತು ಬೇಸರ ತರುವುದಿಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನನ್ನ ಆಟಿಕೆ ಅಂಗಡಿ ಇದೆ. ಚೀನಾದಿಂದ ನೇರವಾಗಿ ತರಿಸಿದರೆ ಅರ್ಧ ಬೆಲೆಗೆ ಸಿಗುತ್ತದೆ. ಆಮದು ಮಾಡಬಹುದೇ?

ಉತ್ತರ: ಆರ್ಡರ್ ಹಾಕುವ ಮೊದಲು ಎರಡು ವಿಷಯ ನೋಡಿ. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯ. ಚೀನಾದ ಆ ಕಾರ್ಖಾನೆಗೇ ಬಿಐಎಸ್ ಲೈಸೆನ್ಸ್ ಇರಬೇಕು. ಇಲ್ಲದಿದ್ದರೆ ಸರಕು ಕಸ್ಟಮ್ಸ್ ದಾಟುವುದಿಲ್ಲ. ಎರಡನೆಯದು ಸುಂಕ. ಆಟಿಕೆಯ ಮೂಲ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು.

ಲೆಕ್ಕದ ರೀತಿ ತಿಳಿದುಕೊಳ್ಳಿ. ಹೆಚ್ಚಿನ ಸರಕಿಗೆ ಇದೇ ಕ್ರಮ. ಸಾಮಾನ್ಯವಾಗಿ ಸುಂಕ ಬೀಳುವುದು ಸರಕು, ಬಾಡಿಗೆ, ವಿಮೆ ಮೂರೂ ಸೇರಿದ ಮೊತ್ತದ ಮೇಲೆ. ಅದು 1,00,000 ರೂಪಾಯಿ, ಸುಂಕ ಶೇ 10 ಎಂದುಕೊಳ್ಳಿ. ಸುಂಕ 10,000. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್, 1,000. ಒಟ್ಟು 1,11,000ದ ಮೇಲೆ ಐಜಿಎಸ್‌ಟಿ, ಅಂದರೆ ಆಮದಿನ ಮೇಲಿನ ಜಿಎಸ್‌ಟಿ. ಶೇ 18 ಆದರೆ 19,980. ಐಜಿಎಸ್‌ಟಿಯನ್ನು ಮುಂದೆ ಇನ್‌ಪುಟ್ ಕ್ರೆಡಿಟ್ ಆಗಿ ಪಡೆದು, ನೀವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆಯಬಹುದು. ಸುಂಕ, ಸರ್‌ಚಾರ್ಜ್ ಮಾತ್ರ ನಿಮ್ಮ ಖರ್ಚೇ. ಡಾಲರ್ ಬೆಲೆಯೂ ಬ್ಯಾಂಕಿನದಲ್ಲ, ಕಸ್ಟಮ್ಸ್ ಪ್ರಕಟಿಸಿದ ದರ.

ಇದಕ್ಕೆಲ್ಲ ಮೂಲ ಎಚ್‌ಎಸ್ ಕೋಡ್, ಅಂದರೆ ಸರಕು ಯಾವುದೆಂದು ಗುರುತಿಸುವ ಸಂಖ್ಯೆ. ಮೊದಲ 6 ಅಂಕಿ ಲೋಕಕ್ಕೆಲ್ಲ ಒಂದೇ, ಭಾರತದಲ್ಲಿ 8. ಅದು ತಪ್ಪಿದರೆ ಸುಂಕವೂ ತಪ್ಪುತ್ತದೆ, ದಂಡವೂ ಬೀಳಬಹುದು. ಇಷ್ಟು ಕೂಡಿಸಿದ ಮೇಲೆ "ಅರ್ಧ ಬೆಲೆ" ಉಳಿಯುತ್ತದೆಯೇ ನೋಡಿ. ನನ್ನನ್ನು ಕೇಳಿದರೆ, ಮೊದಲು ಚನ್ನಪಟ್ಟಣಕ್ಕೆ ಒಂದು ದಿನ ಹೋಗಿ ಬನ್ನಿ.

ಪ್ರಶ್ನೆ: ರಫ್ತು-ಆಮದು ಕೋರ್ಸಿಗೆ 40,000 ರೂಪಾಯಿ ಕೇಳುತ್ತಿದ್ದಾರೆ. ಖರೀದಿದಾರರನ್ನೂ ಹುಡುಕಿಕೊಡುತ್ತಾರಂತೆ. ಸೇರಲೇ?

ಉತ್ತರ: ಖರೀದಿದಾರರನ್ನು ಹುಡುಕಿಕೊಡುವ ಭರವಸೆಗಾಗಿ ಹಣ ಕಟ್ಟಬೇಡಿ. ಮೂಲ ಪಾಠಕ್ಕೆ ಕಡಿಮೆ ಖರ್ಚಿನ ದಾರಿಗಳಿವೆ. ಹೊಸ ರಫ್ತುದಾರರಿಗಾಗಿಯೇ ಡಿಜಿಎಫ್‌ಟಿಯ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ನಿರ್ಯಾತ್ ಬಂಧು ಯೋಜನೆ ಇದೆ. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರವಿದೆ. ಕೋರ್ಸಿಗೇ ಸೇರುವುದಾದರೆ ಸೇರುವ ಮೊದಲು ಒಂದು ಪ್ರಶ್ನೆ ಕೇಳಿ: ನಿಜವಾಗಿ ರವಾನೆಯಾದ ಒಂದು ಸರಕಿನ ಪೂರ್ತಿ ಫೈಲನ್ನು, ಆರ್ಡರ್‌ನಿಂದ ಹಣ ಬಂದ ದಿನದವರೆಗೆ, ಕೂತು ಓದಿಸುತ್ತೀರಾ? ಹೌದು ಎಂದರೆ ಸೇರಿ.

ನಿಮ್ಮ ಹತ್ತಿರ ಐಇಸಿ ಈಗಾಗಲೇ ಇದ್ದರೆ, ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಡಿಜಿಎಫ್‌ಟಿ ಪೋರ್ಟಲ್‌ನಲ್ಲಿ ಅದನ್ನು ದೃಢಪಡಿಸಿ. ಬದಲಾವಣೆ ಏನೂ ಇಲ್ಲದಿದ್ದರೂ ಮಾಡಬೇಕು. ಮಾಡದಿದ್ದರೆ ನಂಬರ್ ನಿಂತುಹೋಗುತ್ತದೆ. ಸರಕು ಬಂದರಿನಲ್ಲಿರುವಾಗ ಅದು ಗೊತ್ತಾಗಬಾರದು.